ಬೆರಕೆ ಮರಿಯ ಒದ್ದೆ ಮೂಗು

ಬಂಡೆಗಳು ಇನ್ನೂ ಒಲೆಯಿಂದ ಇಳಿಸಿದ ಮುದ್ದೆಯ ಹಾಗೆ ಮೆತ್ತಗಿದ್ದ ಕಾಲ. ಕಾಲಿಟ್ಟರೆ ಹೆಜ್ಜೆ ಮೂಡುತ್ತಿತ್ತು, ಕೂತರೆ ಕೂತಷ್ಟಗಲ ಗುಳಿ ಬೀಳುತ್ತಿತ್ತು. ಕೆರೆಗಳೆಲ್ಲ ಆನೆ ಕೂತ ಜಾಗ ಅನ್ನುತ್ತಾರೆ. ಆನೆಯನ್ನೇ ಕೇಳಿದರೆ ಅದು ಮಾತು ಬದಲಾಯಿಸುತ್ತದೆ.

ಆ ಕಾಲದಲ್ಲಿ ಒಂದು ಬೋಳು ಬೆಟ್ಟದ ಮೇಲೆ ಏಳು ದೊಣೆಗಳಿದ್ದವು. ದೊಣೆ ಅಂದರೆ ಬಂಡೆಯ ಗುಳಿಯಲ್ಲಿ ನಿಂತ ಮಳೆನೀರು. ತೋಳಕ್ಕೆ ಒಂದು ದೊಣೆ, ನರಿಗೆ ಒಂದು, ಮೊಲಕ್ಕೆ ಒಂದು, ಜಿಂಕೆಗೆ ಒಂದು, ಹೀಗೆ ಏಳು ಪೈಕಿಗೆ ಏಳು. ಯಾರು ನೀರಿಗೆ ಬಂದರೂ ಮೊದಲು ಕೇಳುವ ಮಾತು ಒಂದೇ.

"ಯಾರ ಪೈಕಿ?"

ಪೈಕಿ ಹೇಳಿದವರಿಗೆ ನೀರು. ಹೇಳದವರಿಗೆ ನೀರಿಲ್ಲ. ಅಷ್ಟೇ ಅಲ್ಲ, ಯಾರ ಪೈಕಿಯೂ ಅಲ್ಲದವರನ್ನು ಯಾರು ಬೇಕಾದರೂ ತಿನ್ನಬಹುದು. ಅದು ಬೆಟ್ಟದ ಕಾನೂನು.

ಮಳೆಗಾಲದಲ್ಲಿ ಮಾತ್ರ ಏಳು ದೊಣೆಗಳೂ ತುಂಬಿ ಹರಿದು ಒಂದೇ ನೀರಾಗುತ್ತಿದ್ದವು. ಆಗ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಯಾರ ಪಕ್ಕದಲ್ಲಿ ಯಾರು ಕುಡಿದರು, ಒದ್ದೆಯಾಗಿ ನಡುಗುತ್ತಾ ಒಂದೇ ಗವಿಯಲ್ಲಿ ಯಾರ್ಯಾರು ಮಲಗಿದರು, ಯಾರಿಗೂ ನೆನಪಿರುತ್ತಿರಲಿಲ್ಲ. ಬೇಸಿಗೆ ಬಂದ ಕೂಡಲೇ ಎಲ್ಲರಿಗೂ ಅವರವರ ಪೈಕಿ ನೆನಪಾಗುತ್ತಿತ್ತು.

ಅಂಥ ಒಂದು ಬೇಸಿಗೆಯಲ್ಲಿ ಬೆಟ್ಟದ ಮೇಲೆ ಒಂದು ಮರಿ ಒಂಟಿಯಾಗಿ ಉಳಿಯಿತು. ಹುಣಸೆಮರದ ಬೇರಿನ ಸಂದಿಯಲ್ಲಿ ಮಲಗಿದ ಅದರ ಅವ್ವ ಮೂರು ದಿನ ಏಳಲಿಲ್ಲ. ನಾಲ್ಕನೆಯ ದಿನ ಇರುವೆಗಳು ಬಂದವು. ಮರಿ ಎದ್ದು, ಅವ್ವನ ಮುಖವನ್ನು ಒಂದು ಸಲ ನೆಕ್ಕಿ, ನೀರು ಹುಡುಕಿಕೊಂಡು ಹೊರಟಿತು.

ಮೊದಲು ಸಿಕ್ಕಿದ್ದು ತೋಳದ ದೊಣೆ. ದಡದಲ್ಲಿ ದೊಡ್ಡ ತೋಳ ಮಲಗಿತ್ತು.

"ಯಾರ ಪೈಕಿ?"

"ಅವ್ವನ ಪೈಕಿ," ಅಂದಿತು ಮರಿ. ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

"ನಿಮ್ಮವ್ವ ಯಾರ ಪೈಕಿ?"

ಮರಿ ಹುಣಸೆಮರದ ಕಡೆ ನೋಡಿತು. ಕೇಳೋಣ ಅಂದರೆ ಅವ್ವ ಇರಲಿಲ್ಲ.

ಏಳು ದೊಣೆಯವರೂ ಬಂದು ಸುತ್ತ ನಿಂತರು. ಅಲ್ಲಿಂದ ಊಹೆ ಶುರುವಾಯಿತು.

"ಎಡಗಿವಿ ನೆಟ್ಟಗಿದೆ, ತೋಳವೇ ಇರಬೇಕು," ಅಂದಿತು ನರಿ.

"ಬಲಗಿವಿ ನೋಡಪ್ಪ, ಬಾಡಿದ ಎಲೆ ಇದ್ದಂಗೆ ಜೋತು ಬಿದ್ದೈತೆ. ಬಾಲ ಸುರುಳಿ. ನಮ್ಮಲ್ಲಿ ಯಾರ ಬಾಲ ಹಂಗಿದೆ?" ಅಂದಿತು ತೋಳ. "ಬಣ್ಣ ಕೆಂಚು. ನಿಮ್ಮದೇ."

"ನಮ್ಮ ಪಾದ ಎಷ್ಟು ಸಣ್ಣಗಿರುತ್ತೆ. ಇದರ ಪಾದ ನೋಡಿ, ಮುದ್ದೆ ಕಟ್ಟಿಟ್ಟ ಹಾಗಿದೆ," ಅಂದಿತು ನರಿ.

"ಎದೆ ಬೆಳ್ಳಗಿದೆ," ಅಂದಿತು ಜಿಂಕೆ, ಒಂದು ಹೆಜ್ಜೆ ಹಿಂದೆ ಸರಿಯುತ್ತಾ. "ಹಂಗಂತ ನಮ್ಮದು ಅಂತ ಹೇಳಿಲ್ಲ."

ದೊಡ್ಡ ತೋಳ ಆಕಳಿಸಿತು. "ಬೆರಕೆ," ಅಂದಿತು.

ಮರಿಗೆ ಆ ಮಾತು ಹೊಸದು. ಆದರೆ ಅದನ್ನು ಹೇಳಿದ ಬಾಯಿ ನೋಡಿ, ಅದು ಒಳ್ಳೆಯ ಮಾತಲ್ಲ ಅಂತ ತಿಳಿಯಿತು.

"ಸುಮ್ಮನೆ ಊಹೆ ಯಾಕೆ?" ಅಂದಿತು ಮುಳ್ಳುಹಂದಿ. "ಹುಳಯ್ಯನ್ನ ಕರೀರಿ."

ಹುಳಯ್ಯ ಅಂದರೆ ಬಸವನಹುಳು. ಎಂಜಲು ರುಚಿ ನೋಡಿ ಯಾರ ಪೈಕಿ ಅಂತ ಹೇಳುವ ವಿದ್ಯೆ ಅದಕ್ಕೆ ಗೊತ್ತಿತ್ತು. ನೋಡಿದ್ದನ್ನು ಬಂಡೆಯ ಮೇಲೆ ಬೆಳ್ಳಿಗೆರೆ ಎಳೆದು ಬರೆಯುತ್ತಿತ್ತು. ಗೆರೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅಷ್ಟು ಹೊಳೆಯುವುದು ಸುಳ್ಳಾಗಿರಲು ಸಾಧ್ಯವೇ ಇಲ್ಲ ಅಂತ ಬೆಟ್ಟದಲ್ಲಿ ಎಲ್ಲರೂ ನಂಬಿದ್ದರು.

ಹುಳಯ್ಯ ಬಂತು. ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. "ಎಕ್ಕದ ಎಲೆ ಮೇಲೆ ಎಂಜಲು ಹಾಕು, ಮಗ," ಅಂದಿತು.

ನಾಲ್ಕು ದಿನದಿಂದ ನೀರು ಕಾಣದ ಬಾಯಿ. ಮರಿ ನಾಲಿಗೆಯನ್ನು ಹಲ್ಲಿಗೆ ಉಜ್ಜಿ ಉಜ್ಜಿ ಒಂದೇ ಒಂದು ಹನಿ ಕೊಟ್ಟಿತು.

ಹುಳಯ್ಯ ಕಣ್ಣು ಮುಚ್ಚಿ ರುಚಿ ನೋಡಿತು. ಗೆರೆ ಎಳೆಯಿತು. "ಹತ್ತು ಪಾಲಿನಲ್ಲಿ ನಾಲ್ಕು ಪಾಲು ತೋಳ, ಮೂರು ನರಿ, ಎರಡು ಮುಳ್ಳುಹಂದಿ, ಎರಡು ಮೊಲ."

ಮೇಲೆ ಕೊಂಬೆಯಲ್ಲಿ ಕೂತಿದ್ದ ಕಾಜಾಣ ಹಕ್ಕಿ ಬೆರಳಿಲ್ಲದಿದ್ದರೂ ಎಣಿಸಿತು. "ಅಯ್ಯ, ಅದು ಹನ್ನೊಂದು ಆಯ್ತಲ್ಲ."

"ಮರಿ ಬೆಳೀತಾ ಇದೆ," ಅಂದಿತು ಹುಳಯ್ಯ.

ಗೆರೆ ಹೊಳೆಯುತ್ತಿತ್ತು. ಎಲ್ಲರೂ ತಲೆ ಆಡಿಸಿದರು.

"ನಾಲ್ಕು ಪಾಲಿಗೆ ನಾಲ್ಕು ಗುಟುಕು," ಅಂದಿತು ದೊಡ್ಡ ತೋಳ. ಮರಿ ಕುಡಿಯಿತು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಬಾಯಿ ಹಾಕುವಷ್ಟರಲ್ಲಿ ತೋಳದ ಕಾಲು ಅಡ್ಡ ಬಂತು. "ನಾಳೆ ಇನ್ನೊಂದು ಸಲ ನೋಡಿಸೋಣ. ನನಗೆ ಆ ಬಾಲದ ಮೇಲೆ ನಂಬಿಕೆ ಇಲ್ಲ."

ಮಾರನೆಯ ದಿನ ಅದೇ ಮರಿ, ಅದೇ ಎಂಜಲು, ಇನ್ನೊಂದು ಎಲೆ. ಹುಳಯ್ಯ ರುಚಿ ನೋಡಿತು, ಗೆರೆ ಎಳೆಯಿತು. "ಒಂದು ಪಾಲು ತೋಳ. ಐದು ಪಾಲು ಜಿಂಕೆ. ನಾಲ್ಕು ಕಾಡುಬೆಕ್ಕು."

"ಹಂಗಾದ್ರೆ ನಿನ್ನೆ ಕುಡಿದ ನಾಲ್ಕು ಗುಟುಕಲ್ಲಿ ಮೂರು ವಾಪಸ್ ಕೊಡು," ಅಂದಿತು ದೊಡ್ಡ ತೋಳ.

ಎಲ್ಲರೂ ನಕ್ಕರು. ಮರಿ ನಗಲಿಲ್ಲ. ನಿಜವಾಗಿ ಕೊಡಬೇಕೇನೋ ಅಂದುಕೊಂಡು ಅದು ಬಾಯಿ ತೆರೆದು ನಿಂತಿತ್ತು.

ಅದನ್ನು ನೋಡಿ ಕಾಜಾಣಕ್ಕೆ ಸಿಟ್ಟು ಬಂತು. ಎಲ್ಲರ ದನಿಯನ್ನೂ ಅಣಕಿಸುವುದು, ಮಲಗಿದವರ ಬಾಲ ಎಳೆಯುವುದು ಅದರ ಕಸುಬು. ಅದು ಮೆಲ್ಲಗೆ ಹಾರಿ, ದೊಡ್ಡ ತೋಳ ಕಡಿದು ಬಿಟ್ಟಿದ್ದ ಎಲುಬಿನ ಮೇಲಿಂದ ತೋಳದ ಎಂಜಲನ್ನೇ ಒಂದು ಎಲೆಗೆ ಒರೆಸಿಕೊಂಡು ಬಂತು.

"ಹುಳಯ್ಯ, ಮರಿದು ಇನ್ನೊಂದು ಎಲೆ ಇದೆ. ಇದನ್ನೂ ನೋಡಿಬಿಡು."

ಹುಳಯ್ಯ ನೋಡಿತು. ಗೆರೆ ಉದ್ದಕ್ಕೆ ಹೋಯಿತು. "ಏಳು ಪಾಲು ಮೊಲ. ಮೂರು ಪಾಲು ನರಿ. ತೋಳ ಒಂದು ಚೂರೂ ಇಲ್ಲ."

"ಅದು ದೊಡ್ಡ ತೋಳದ ಎಂಜಲು," ಅಂದಿತು ಕಾಜಾಣ.

ಯಾರಾದರೂ ನಗುತ್ತಾರೆ ಅಂತ ಅದು ಕಾಯಿತು. ಯಾರೂ ನಗಲಿಲ್ಲ. ನಿನ್ನೆಯಿಂದ ತನ್ನ ಮರಿ ಕಾಣದೆ ಪೊದೆಪೊದೆ ಹುಡುಕುತ್ತಿದ್ದ ತಾಯಿಮೊಲ ತಲೆ ಎತ್ತಿ ದೊಡ್ಡ ತೋಳವನ್ನು ನೋಡಿತು. ನೋಡಿತು, ಅಷ್ಟೇ. ಕಾಜಾಣ ತನ್ನ ಕೀಟಲೆಯನ್ನು ನುಂಗಿಕೊಂಡಿತು.

ಮರಿ ಹುಳಯ್ಯನ ಹತ್ತಿರ ಬಂದು ಕೇಳಿತು, "ಹುಳಯ್ಯ, ನಾನು ಯಾರು ಅಂತ ನಿಂಗೆ ನಿಜವಾಗ್ಲೂ ಗೊತ್ತಾ?"

ಹುಳಯ್ಯ ಕೊಂಬು ತಗ್ಗಿಸಿತು. "ಈ ಏಳು ದೊಣೆಯವರ ರುಚಿ ಮಾತ್ರ ನಂಗೆ ಗೊತ್ತು ಮಗ. ಬೆಟ್ಟದ ಆಚೆಯವರದು ನಾನು ನೋಡೇ ಇಲ್ಲ. ಗೊತ್ತಿಲ್ಲದ ರುಚಿ ಬಂದ್ರೆ, ಗೊತ್ತಿರೋದರಲ್ಲಿ ಯಾವುದು ಹತ್ತಿರವೋ ಅದರ ಹೆಸರು ಬರೀತೀನಿ. ನಿನ್ನೆ ಒಂದು ಹತ್ತಿರ ಅನ್ನಿಸ್ತು, ಇವತ್ತು ಇನ್ನೊಂದು."

"ಗೊತ್ತಿಲ್ಲ ಅಂತ ಬರೀಬಹುದಿತ್ತಲ್ಲ?"

"ಅದಕ್ಕೆ ನನ್ನ ಹತ್ತಿರ ಗೆರೆ ಇಲ್ಲ," ಅಂದಿತು ಹುಳಯ್ಯ. ನಾಚಿಕೆಯಿಂದ ಕೊಂಬು ಒಳಗೆಳೆದುಕೊಂಡಿತು. ಈಗಲೂ ಯಾರಾದರೂ ಮುಟ್ಟಿದರೆ ಸಾಕು, ಕೊಂಬು ಒಳಗೆ ಹೋಗುತ್ತದೆ.

ದೊಡ್ಡ ತೋಳ ಎದ್ದು ಬಾಲದಿಂದ ಬಂಡೆ ಒರೆಸಿತು. "ಗೆರೆ ಅಳಿಸಿಹೋಯ್ತು. ಕಾನೂನು ಅಳಿಸಿಹೋಗಿಲ್ಲ. ಮರಿ, ಸಂಜೆಯವರೆಗೆ ಟೈಮು ಕೊಡ್ತೀನಿ. ಅಷ್ಟರಲ್ಲಿ ನೀನು ಯಾರ ಪೈಕಿ ಅಂತ ಹೇಳಲಿಲ್ಲ ಅಂದ್ರೆ, ನಾನು ಹುಡುಕಿಕೊಂಡು ಬರ್ತೀನಿ."

ಮರಿ ಬೆಟ್ಟ ಇಳಿಯಿತು. ಯಾವ ಕಡೆ ಅಂತ ಗೊತ್ತಿರಲಿಲ್ಲ. ಕೆಳಗಿನಿಂದ ಗಾಳಿ ಬಂತು.

"ಗಾಳಿಯಣ್ಣ, ನೀನು ಎಲ್ಲಾ ಕಡೆ ಓಡಾಡ್ತೀಯ. ನಾನು ಯಾರ ಪೈಕಿ?"

"ನಾನು ವಾಸನೆ ಹೊರೋನು ಕಣಪ್ಪ, ನ್ಯಾಯ ಹೇಳೋನಲ್ಲ," ಅಂದಿತು ಗಾಳಿ. "ತಗೋ, ಇದೊಂದು ವಾಸನೆ. ಇದರ ಹಿಂದೆ ಹೋಗು."

ಹೊಗೆಯ ವಾಸನೆ, ಬೆಂದ ಎಲೆಯ ವಾಸನೆ, ಬೆಳ್ಳುಳ್ಳಿಯ ವಾಸನೆ. ಮರಿ ಅದರ ಹಿಂದೆ ಹೋಯಿತು. ಬೆಟ್ಟದ ಬುಡದಲ್ಲಿ ಮೂರು ಕಲ್ಲಿನ ಒಲೆ. ಒಲೆಯ ಮುಂದೆ ಪಿಳ್ಳಮ್ಮಜ್ಜಿ. ಲೋಕದಲ್ಲಿ ಆಗ ಇದ್ದ ಅಜ್ಜಿ ಅವಳೊಬ್ಬಳೇ. ಮಡಿಲ ತುಂಬ ಸೊಪ್ಪು ಹಾಕಿಕೊಂಡು ಸೋಸುತ್ತಿದ್ದಳು.

ಮರಿ ದೂರದಲ್ಲೇ ನಿಂತು, ಬರಲಿರುವ ಪ್ರಶ್ನೆಗೆ ತಲೆ ತಗ್ಗಿಸಿತು.

"ಉಂಡ್ಯಾ, ಮಗ?" ಅಂದಳು ಅಜ್ಜಿ.

ಮರಿ ಈ ಪ್ರಶ್ನೆಗೆ ಸಿದ್ಧವಾಗಿರಲಿಲ್ಲ. ತಲೆ ಎತ್ತಿ ಒಲೆಯ ಮೇಲೆ ಕುದಿಯುತ್ತಿದ್ದ ಮಡಕೆ ನೋಡಿತು.

"ಉಂಡಿಲ್ಲ ಅನ್ನು. ಬಾ ಕೂತ್ಕೋ. ಇನ್ನೊಂದು ಕುದಿ ಬರಲಿ."

"ಏನಜ್ಜಿ ಅದು?"

"ಬೆರಕೆ."

ಮರಿಯ ನೆಟ್ಟಗಿದ್ದ ಕಿವಿಯೂ ಜೋತು ಬಿತ್ತು. ಅದು ಎರಡು ಹೆಜ್ಜೆ ಹಿಂದೆ ಹೋಯಿತು. "ಅದು ಬೈಗುಳ ಅಲ್ವಾ ಅಜ್ಜಿ?"

"ಯಾರ್ಲಾ ಹಂಗಂದೋರು? ಬೆರಕೆ ಸೊಪ್ಪಿನ ಸಾರು ಕಣೋ. ಒಂದೇ ಸೊಪ್ಪು ಬೇಯಿಸಿದ್ರೆ ಅದು ಬರೀ ಸೊಪ್ಪು. ಹತ್ತು ಕಡೆ ಬಗ್ಗಿ ಹತ್ತು ಥರ ಕಿತ್ತರೆ ತಾನೆ ಮುದ್ದೆ ಗಂಟಲಲ್ಲಿ ಇಳಿಯೋದು."

"ಇದರಲ್ಲಿ ಏನೇನಿದೆ? ಎಷ್ಟೆಷ್ಟು ಪಾಲು?"

ಅಜ್ಜಿ ಮಡಿಲು ನೋಡಿಕೊಂಡಳು. "ಇದು ಅಣ್ಣೆ. ಇದು ಗಣಿಕೆ. ಇದು ಹೊನಗೊನ್ನೆ. ಇದು ನುಗ್ಗೆ ಚಿಗುರು. ಇವೆರಡರ ಹೆಸರು ನಂಗೆ ಗೊತ್ತಿಲ್ಲಪ್ಪ. ನಮ್ಮವ್ವ ಕೀಳ್ತಿದ್ಲು, ನಾನೂ ಕೀಳ್ತೀನಿ. ಪಾಲು ಯಾರು ಅಳೀತಾರೆ, ಬೆಂದ ಮೇಲೆ ಎಲ್ಲಾ ಒಂದೇ."

ಗೊತ್ತಿಲ್ಲ. ಎರಡು ದಿನದಲ್ಲಿ ಆ ಮಾತನ್ನು ಇಷ್ಟು ಸಲೀಸಾಗಿ ಹೇಳಿದವರನ್ನು ಮರಿ ನೋಡಿರಲಿಲ್ಲ. ಅದು ಹತ್ತಿರ ಬಂದು ಕೂತಿತು.

ಒಲೆಯ ಪಕ್ಕ ಒಂದು ಕುಡಿಕೆ ಇತ್ತು. ಅಜ್ಜಿ ದೂರದ ಒರತೆಯಿಂದ ತಂದ ನೀರು, ಅಷ್ಟೇ ಆ ದಿನಕ್ಕೆ. ಅದನ್ನು ಮರಿಯ ಮುಂದೆ ಸರಿಸಿದಳು. ಮರಿ ಒಂದು, ಎರಡು, ಮೂರು, ನಾಲ್ಕು ಗುಟುಕು ಕುಡಿದು ನಿಲ್ಲಿಸಿ ಅಜ್ಜಿಯ ಮುಖ ನೋಡಿತು.

"ಯಾಕೆ ನಿಲ್ಲಿಸ್ದೆ? ಕುಡಿ."

ಐದನೆಯ ಗುಟುಕಿಗೆ ಮರಿ ಮೂಗನ್ನೇ ಮುಳುಗಿಸಿತು.

ಹಿಂದೆಯೇ ಹಾರಿ ಬಂದಿದ್ದ ಕಾಜಾಣ ಒಲೆಯ ಹಿಂದಿನ ಜಾಲಿಮರದಿಂದ ಹೇಳಿತು, "ಅಜ್ಜಿ, ಇನ್ನು ಅದು ಎಂಜಲು ನೀರು. ನೀನೇನು ಕುಡೀತೀಯ?"

ಅಜ್ಜಿ ಕುಡಿಕೆ ಎತ್ತಿದಳು. ಮಿಕ್ಕ ನೀರನ್ನು ತಾನು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಾಕಾಯ್ತು," ಅಂದಳು.

ಕಾಜಾಣ ಕೊಂಬೆಯಿಂದ ಇಳಿದು ಒಲೆಯ ಪಕ್ಕ ಕೂತಿತು.

ಸಂಜೆ ದೊಡ್ಡ ತೋಳ ಇಳಿದು ಬಂತು. ಮರಿ ಅಜ್ಜಿಯ ಕಾಲಿನ ಹಿಂದೆ ಸರಿಯಿತು. ಅಜ್ಜಿ ಸೌಟು ಹಿಡಿದು ಕೂತೇ ಇದ್ದಳು.

"ಆ ಮರಿ ಯಾರ ಪೈಕಿ?" ಅಂದಿತು ತೋಳ.

"ನಮ್ಮ ಪೈಕಿ."

"ನಿಂಗೆ ಬಾಲ ಇಲ್ಲ, ಮರಿಗೆ ಸೌಟು ಹಿಡಿಯೋ ಕೈ ಇಲ್ಲ. ಹೆಂಗೆ ನಿಮ್ಮ ಪೈಕಿ?"

"ಮೂಸಿ ನೋಡ್ಕೋ," ಅಂದಳು ಅಜ್ಜಿ.

ತೋಳ ಬಗ್ಗಿ ಮರಿಯ ಮೂಗನ್ನು ಮೂಸಿತು. ಹೊಗೆ, ಸೊಪ್ಪು, ಬೆಳ್ಳುಳ್ಳಿ, ಅಜ್ಜಿಯ ಕುಡಿಕೆ. ಅಜ್ಜಿಯ ಬಾಯಿಯ ಕಡೆ ಮೂಗು ಚಾಚಿತು. ಅಲ್ಲಿ ಮರಿಯ ಎಂಜಲಿನ ವಾಸನೆ. ಇನ್ನೊಂದು ಸಲ ಮೂಸಿತು. ಅದೇ. ಮೂರನೆಯ ಸಲವೂ ಅದೇ. ಇದು ನಿನ್ನೆ ಒಂದು, ಇವತ್ತು ಒಂದು ಆಗುವಂಥದ್ದಲ್ಲ ಅಂತ ತೋಳಕ್ಕೆ ತಿಳಿಯಿತು. ಕಾನೂನು ಅಂದರೆ ಕಾನೂನು. ಅದು ಬಾಲ ತಗ್ಗಿಸಿ ಬೆಟ್ಟ ಹತ್ತಿತು.

ಮರಿ ಕತ್ತಲಾಗುವ ತನಕ ಆ ದಾರಿಯನ್ನೇ ಕಾಯುತ್ತಾ ಕೂತಿತ್ತು. ಕುಡಿಕೆಯಲ್ಲಿ ಮುಳುಗಿದ್ದ ಮೂಗನ್ನು ಅದು ಒರೆಸಿಕೊಳ್ಳಲೇ ಇಲ್ಲ. ಒರೆಸಿದರೆ ಗುರುತು ಹೋಗುತ್ತದೆ ಅಂತ ಅದಕ್ಕೆ ಭಯ. ಅದರ ಮಕ್ಕಳೂ ಒರೆಸಿಕೊಳ್ಳಲಿಲ್ಲ, ಮೊಮ್ಮಕ್ಕಳೂ ಒರೆಸಿಕೊಳ್ಳಲಿಲ್ಲ.

ಅದಕ್ಕೇ ಇವತ್ತು ನಿಮ್ಮ ಬೀದಿಯಲ್ಲಿ ಒಂದು ಕಿವಿ ನೆಟ್ಟಗೆ, ಒಂದು ಕಿವಿ ಜೋಲು ಇರುವ ನಾಯಿ ಬಂದು ಒದ್ದೆ ಮೂಗನ್ನು ನಿನ್ನ ಮೊಣಕಾಲಿಗೆ ಒತ್ತಿದರೆ, ಅದು ನಿನ್ನ ಕುಲ ಕೇಳುತ್ತಿಲ್ಲ. ನೀನು ಯಾರ ಜೊತೆ ಉಂಡು ಬಂದೆ ಅಂತ ಮೂಸುತ್ತದೆ, ಆಮೇಲೆ ಬಾಲ ಅಲ್ಲಾಡಿಸಿ ತನ್ನ ಭಾಷೆಯಲ್ಲಿ, "ನಮ್ಮ ಪೈಕಿ," ಅನ್ನುತ್ತದೆ.