ಹೆಬ್ಬಾತಿನ ಮೂಗಿಗೆ ಬುಗುಟು ಬಂದದ್ದು

ಜಗತ್ತು ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟ ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಕೆರೆಗಳು ಎಲ್ಲಿ ಕೂರೋಣ ಎಂದು ಊರೂರು ಅಲೆಯುತ್ತಿದ್ದವು. ನಂಬದವರು ಕೆರೆಯನ್ನೇ ಕೇಳಿ.

ಆಗ ಹಂಪಣ್ಣ ಎಂಬ ವರ್ತಕ ಸಮುದ್ರದಾಚೆಯಿಂದ ಬುಟ್ಟಿಯಲ್ಲಿ ಎರಡು ಹೆಬ್ಬಾತು ತಂದ. ಹೆಣ್ಣು ದುಂಡವ್ವ. ಗಂಡು ಅವಳ ಗಂಡ, ಏನು ಹೇಳಿದರೂ "ಹೌದೌದು" ಅನ್ನುವವನು. ತಂದದ್ದು ಮನೆ ಕಾಯಲಿಕ್ಕೆ.

ಕಾವಲಿನಲ್ಲಿ ದುಂಡವ್ವನ ವಂಶಕ್ಕೆ ಒಂದೇ ಕಟ್ಟಳೆ. ನಿಲ್ಲಿಸಿದವನೇ ಬಂದು "ಸಾಕು" ಅನ್ನುವವರೆಗೆ ಕದಲಬಾರದು. ಅವಳು ಕಳ್ಳರನ್ನು ಓಡಿಸಿದಳು. ನೆಂಟರನ್ನು ಓಡಿಸಿದಳು. ಹಂಪಣ್ಣನ ಅತ್ತೆಯನ್ನು ಹಿತ್ತಲ ಬೇಲಿಯವರೆಗೂ ಓಡಿಸಿದಳು.

"ಅವಾದ್ರೂ ಇರ್ಬೇಕು, ನಾನಾದ್ರೂ ಇರ್ಬೇಕು," ಅಂದಳು ಹಂಪಣ್ಣನ ಹೆಂಡತಿ.

ಮರುದಿನವೇ ಹಂಪಣ್ಣ ಬುಟ್ಟಿ ಹೊತ್ತು ಕೆರೆಗೆ ಬಂದ. "ದುಂಡವ್ವಾ, ಈ ದಡ ಕಾಯ್ತಿರು. ಈಗ ಬಂದೆ."

ಹೋದ. ತಿರುಗಿಯೂ ನೋಡಲಿಲ್ಲ.

ದುಂಡವ್ವ ಕಾದಳು. ಮಳೆ ಬಂತು, ಕಾದಳು. ಚಳಿ ಬಂತು, ಕಾದಳು. ಚಳಿಯ ಜೊತೆಗೆ ಹಿಮದ ಬೆಟ್ಟ ದಾಟಿ ಪಟ್ಟೆತಲೆಯ ಹೆಬ್ಬಾತುಗಳೂ ಬಂದಿಳಿದವು. ಅವುಗಳ ಹಿರಿಯ ಪಟ್ಟೆಯಜ್ಜ ಅವಳ ಸುತ್ತ ಒಂದು ಸುತ್ತು ಹಾಕಿದ.

"ಯಾವ ಸೀಮೆಯವಳಮ್ಮ? ತಲೆ ಮೇಲೆ ಪಟ್ಟೆ ಇಲ್ಲ. ಮೈ ನೋಡಿದ್ರೆ ಹಿಟ್ಟಿನ ಮೂಟೆ."

"ನಾನು ಕಾವಲಿನವಳು. ಹಂಪಣ್ಣ ನಿಲ್ಸಿದ್ದಾನೆ. ಈಗ ಬರ್ತಾನೆ."

"ಹೌದೌದು," ಅಂದ ಗಂಡ.

ಪಟ್ಟೆಯಜ್ಜನಿಗೆ ಅಯ್ಯೋ ಅನ್ನಿಸಿತು. "ನೋಡವ್ವ, ಬೇಸಿಗೆಗೆ ನಾವು ಹೊರಡ್ತೀವಿ. ಇವತ್ತಿಂದ ರೆಕ್ಕೆ ಬಡಿದು ಮೈ ಇಳಿಸು. ಜೊತೆಗೆ ಕರ್ಕೊಂಡು ಹೋಗ್ತೀವಿ."

"ಕಾವಲು ಬಿಟ್ಟಾ? ನಿನ್ನ ದಾರಿ ನೋಡ್ಕೋ, ಮುದುಕಪ್ಪ!"

ಚಳಿ ಮುಗಿಯಿತು. ಪಟ್ಟೆತಲೆಗಳು ಮೇಲೆದ್ದು ಆಕಾಶದಲ್ಲಿ ಸಾಲು ಕಟ್ಟಿದವು. ಅದೇ ಹೊತ್ತಿಗೆ ಊರ ಕಡೆಯಿಂದ ಗಾಳಿ ಬಂತು.

"ಅಯ್ಯೋ ಹುಚ್ಚೀ, ಇನ್ನೂ ಇಲ್ಲೇ ಇದ್ದೀಯಾ? ಹಂಪಣ್ಣ ಆಗಲೇ ನಾಯಿ ಕಟ್ಟಿಕೊಂಡಿದ್ದಾನೆ. ನಿನ್ನ ಹೆಸರೂ ಅವನಿಗೆ ನೆನಪಿಲ್ಲ," ಅಂತು ಗಾಳಿ.

ದುಂಡವ್ವ ಆಕಾಶದ ಸಾಲಿನತ್ತ ಕತ್ತೆತ್ತಿದಳು. "ನಿಲ್ರೋ! ನಾನೂ ಬರ್ತೀನಿ!" ಎಂದು ಓಡಿದಳು. ರೆಕ್ಕೆ ಬಡಿದಳು. ಗೇಣೆತ್ತರ ಎದ್ದಳು. ಆದರೆ ಹಂಪಣ್ಣನ ಮನೆಯ ನುಚ್ಚು ತಿಂದು ಬೆಳೆದ ಮೈ! ಕೆರೆಯ ಕಲ್ಲುಮೆಟ್ಟಿಲಿಗೆ ಮೂಗು ಮುಂದಾಗಿ ಧೊಪ್ಪನೆ ಬಿದ್ದಳು. ಹಿಂದಿನಿಂದ ಗಂಡನೂ ಧೊಪ್. ಇಬ್ಬರ ಮೂಗಿನ ಬುಡದಲ್ಲೂ ಹುಣಸೆಬೀಜದಷ್ಟು ಬುಗುಟು ಎದ್ದಿತು. ನೋಡನೋಡುತ್ತ ನೆಲ್ಲಿಕಾಯಿಯಷ್ಟಾಯಿತು.

ಜೊಂಡಿನಲ್ಲಿ ಗೂಡು ಕಟ್ಟುತ್ತಿದ್ದ ನಾಮಗೋಳಿ ಹಕ್ಕಿ ಕಿಸಕ್ಕನೆ ನಕ್ಕಿತು. "ಏನಕ್ಕಾ, ಹಿಮದ ಬೆಟ್ಟ ಸಿಕ್ತಾ?"

ದುಂಡವ್ವ ಅಳಲಿಲ್ಲ. ಕತ್ತು ಚಾಚಿದಳು. ಬುಸ್ಸೆಂದಳು. "ನಗು, ಚೆನ್ನಾಗಿ ನಗು. ಇವತ್ತಿಂದ ಈ ಜೊಂಡು ನಂದು."

"ಹಾಗಂದ್ರೆ ಹೇಗಮ್ಮಾ?" ಅಂತು ಕೆರೆ. "ನೀನು ಇಲ್ಲಿಯವಳಲ್ಲ."

"ನಾನೇನು ಬರ್ತೀನಿ ಅಂತ ಬುಟ್ಟಿ ಹತ್ತಿದ್ನಾ? ಕೇಳೋದಿದ್ರೆ ತಂದವನನ್ನ ಕೇಳು! ಹಾರೋ ಹಾಗಿದ್ರೆ ಒಂದು ಗಳಿಗೆ ಇಲ್ಲಿ ಇರ್ತಿರ್ಲಿಲ್ಲ. ಇನ್ನು ಎರಡು ಕಾಲಿನ ಯಾವನೇ ಬರಲಿ, ಬಿಡೋದಿಲ್ಲ!"

ಗಂಡ ಈ ಸಲ "ಹೌದೌದು" ಅನ್ನಲಿಲ್ಲ. ಅವನೂ ಬುಸ್ಸೆಂದ.

ನಾಮಗೋಳಿ ಗೂಡಿನ ಕಡ್ಡಿ ಕಚ್ಚಿಕೊಂಡು ಶಪಿಸುತ್ತಾ ಆಚೆ ದಡಕ್ಕೆ ಈಜಿತು. ಆ ಜೊಂಡಿನಲ್ಲಿ ದುಂಡವ್ವ ಮೊಟ್ಟೆಯಿಟ್ಟಳು. ಮೊಟ್ಟೆ ಒಡೆದು ಮರಿಗಳು ಬಂದವು. ಚೀಂವ್ ಅನ್ನುವ ಮೊದಲೇ ಬುಸ್ ಅಂದವು.

ಅದಕ್ಕೇ ಪುಟ್ಟಾ, ಪಟ್ಟೆತಲೆಯವರೆಲ್ಲ ಹೊರಟುಹೋದ ಬೇಸಿಗೆಯಲ್ಲೂ ಊರ ಕೆರೆಯಲ್ಲಿ, ಪಾರ್ಕಿನ ಕೊಳದಲ್ಲಿ ಮೂಗಿನ ಮೇಲೆ ಬುಗುಟು ಹೊತ್ತು, ಹಿಂಭಾಗದಿಂದ ನೆಲ ಗುಡಿಸುತ್ತಾ ಓಡಾಡುವ ಹೆಬ್ಬಾತುಗಳು ಉಳಿದೇ ಇರುತ್ತವೆ. ನಿನ್ನನ್ನು ಕಂಡೊಡನೆ ಕತ್ತು ಚಾಚಿ ಬಂದು ಮೀನಖಂಡಕ್ಕೆ ಹಾಕುವ ಆ ಕಚ್ಚು ಇದೆಯಲ್ಲ, ಅದು ಹಂಪಣ್ಣನಿಗೆ ಬೀಳಬೇಕಾದದ್ದು.