ಅಂಕವಿಲ್ಲದ ಸರದಿ

ಶಿಷ್ಯೆ ಬಂದವಳೇ ಕೇಳಿದಳು: "ಗುರುಗಳೇ, ನಾಳೆ ಪೇಟೆಯಲ್ಲಿ ಪದ್ಯ ಹೇಳುವ ಸ್ಪರ್ಧೆ. ಚೀಟಿ ಎತ್ತಿದರು, ನನಗೆ ಮೊದಲ ಸರದಿ ಬಂತು. ಮೊದಲು ಹೇಳಿದವರಿಗೆ ಅಂಕವೇ ಇಲ್ಲವಂತೆ. ಗೆಲ್ಲಲಾಗದ ಕಡೆ ಒಳ್ಳೆಯ ಪದ್ಯವನ್ನು ಯಾಕೆ ಹಾಳು ಮಾಡಲಿ?"

ಗುರುಗಳು ಹೇಳಿದರು: "ಕೂತುಕೋ. ಒಬ್ಬ ಬಳೆಗಾರ್ತಿಯ ಕತೆ ಹೇಳುತ್ತೇನೆ."

ಒಂದು ಬಂದರಿನ ಊರು. ಅಲ್ಲಿ ವರ್ಷಕ್ಕೊಮ್ಮೆ ಸಂತೆಕಟ್ಟೆಯ ಮೇಲೆ ಪದ್ಯದ ಸ್ಪರ್ಧೆ ನಡೆಯುತ್ತಿತ್ತು. ಗೆದ್ದವರಿಗೆ ಒಂದು ಶಾಲು. ತೀರ್ಪಿಗೆ ಪಂಡಿತರನ್ನು ಕರೆಯುತ್ತಿರಲಿಲ್ಲ. ಪಂಡಿತರು ಬಂದರೆ ಜಗಳ ಮುಗಿಯುವುದಿಲ್ಲವೆಂದು ಊರಿಗೆ ಗೊತ್ತಿತ್ತು. ಕೇಳಲು ಬಂದವರಲ್ಲೇ ಐದು ಜನರನ್ನು ಹಿಡಿದು ಕೂರಿಸಿ, ಕೈಗೊಂದು ಸ್ಲೇಟು ಕೊಡುತ್ತಿದ್ದರು. ಪದ್ಯ ಮುಗಿದ ಕೂಡಲೇ ಹತ್ತರೊಳಗೆ ಒಂದು ಅಂಕ ಬರೆದು ಎತ್ತಿ ತೋರಿಸಬೇಕು. ಮೀನಿನವಳಿಗೂ ಕ್ಷೌರಿಕನಿಗೂ ಪದ್ಯ ತೂಗಿ ಅಭ್ಯಾಸವಿಲ್ಲ. ಅದಕ್ಕೇ ಒಬ್ಬರು ಮೊದಲು ಹೇಳಬೇಕು, ಐವರೂ ಅದರ ಮೇಲೆ ಕೈ ಪಳಗಿಸಿಕೊಳ್ಳಬೇಕು. ಆ ಅಂಕ ಲೆಕ್ಕಕ್ಕಿಲ್ಲ. ಹಾಗೆ ಹೇಳಿದವರು ಆ ವರ್ಷ ಮತ್ತೆ ಕಟ್ಟೆ ಹತ್ತುವಂತಿಲ್ಲ.

ಬಳೆಗಾರ್ತಿ ನಾಲ್ಕು ವರ್ಷ ಸ್ಪರ್ಧಿಸಿ ನಾಲ್ಕು ವರ್ಷವೂ ಸೋತಿದ್ದಳು. ಹೇಳುವಾಗ ಅವಳ ಕಣ್ಣೆಲ್ಲ ಸ್ಲೇಟುಗಳ ಮೇಲೆ. ಯಾರಾದರೂ ಹುಬ್ಬು ಗಂಟಿಕ್ಕಿದರೆ ಒಂದು ಸಾಲು ಬದಲಿಸುವಳು, ಯಾರಾದರೂ ಆಕಳಿಸಿದರೆ ಇನ್ನೊಂದು ಸಾಲು ನುಂಗುವಳು. ಬರಿಗೈಯಲ್ಲಿ ಮನೆಗೆ ಹೋದರೆ ಅತ್ತೆಯ ಮಾತು ಸಿದ್ಧವಿರುತ್ತಿತ್ತು: "ಶಾಲು ತರುತ್ತೇನೆಂದು ಹೋದೆ, ಗಂಟಲುನೋವು ತಂದೆ."

ಐದನೆಯ ವರ್ಷ ಅವಳ ಬಳಿ ಒಂದು ಒಳ್ಳೆಯ ಪದ್ಯವಿತ್ತು. ಗೆದ್ದರೆ ಇದರಿಂದಲೇ ಗೆಲ್ಲಬೇಕೆಂದು ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಚೀಟಿ ಎತ್ತಿದರೆ ಮೊದಲ ಸರದಿ ಬಂತು.

"ಅಣ್ಣಾ, ಇದೊಂದು ಸಲ ಬೇರೆಯವರನ್ನು ನಿಲ್ಲಿಸಿ," ಎಂದು ಸ್ಪರ್ಧೆಯ ಯಜಮಾನನನ್ನು ಬೇಡಿದಳು.

"ಮೊದಲ ದೋಸೆಯನ್ನು ಯಾರಾದರೂ ಹೊಯ್ಯಲೇಬೇಕಲ್ಲ ತಾಯಿ."

"ಕಾವಲಿಗೆ ಅಂಟುವ ಹಿಟ್ಟು ನನ್ನದೇ ಆಗಬೇಕೇ?"

"ಚೀಟಿಯನ್ನು ಕೇಳು."

ಒಳ್ಳೆಯದು ಮುಂದಿನ ವರ್ಷಕ್ಕಿರಲಿ, ಈಗ ಯಾವುದೋ ಹಳೆಯದನ್ನು ಒಪ್ಪಿಸಿ ಇಳಿಯೋಣ ಎಂದುಕೊಂಡು ಅವಳು ಕಟ್ಟೆ ಹತ್ತಿದಳು. ಎರಡು ಸಾಲು ಹೇಳಿದಳು. ಎಂದಿನಂತೆ ಸ್ಲೇಟುಗಳತ್ತ ನೋಡಿದಳು. ಸ್ಲೇಟುಗಳು ನೆಲದ ಮೇಲಿದ್ದವು. ಲೆಕ್ಕಕ್ಕಿಲ್ಲದ ಪದ್ಯವೆಂದು ಐವರೂ ಆರಾಮಾಗಿ ಕೂತು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಹಳೆಯದನ್ನು ಅಲ್ಲೇ ಕೈಬಿಟ್ಟು, ಇಟ್ಟುಕೊಂಡಿದ್ದ ಒಳ್ಳೆಯದನ್ನೇ ಎತ್ತಿಕೊಂಡಳು.

ಹಗಲೆಲ್ಲ ಬೈದು ದಣಿದ ನಮ್ಮತ್ತೆ
ನಿದ್ದೆಯಲ್ಲೂ ನನ್ನನ್ನೇ ಬೈಯುತ್ತಾಳೆ.
ನಾನಿಲ್ಲದ ಕನಸು
ಅವಳಿಗೆ ಒಂದೂ ಬಿದ್ದಂತಿಲ್ಲ.

ಪದ್ಯ ಹೀಗೆ ಸಾಗಿತು. ಐವರಲ್ಲಿದ್ದ ಮೀನಿನವಳು ನಕ್ಕೂ ನಕ್ಕೂ ಪಕ್ಕದವನ ಹೆಗಲಿಗೆ ಬಿದ್ದಳು. ಕ್ಷೌರಿಕ ನಗುತ್ತಲೇ ಕಣ್ಣೊರೆಸಿಕೊಂಡ. ಮುಗಿದ ಮೇಲೆ ಯಜಮಾನ, "ಎಲ್ಲಿ, ಅಂಕ ತೋರಿಸಿ," ಎಂದ. ಐದೂ ಸ್ಲೇಟು ಖಾಲಿ.

"ಅಯ್ಯೋ, ಬರೆಯಲೂ ಬೇಕಿತ್ತಾ?" ಎಂದಳು ಮೀನಿನವಳು.

ಆಮೇಲೆ ಹನ್ನೊಂದು ಜನ ಹೇಳಿದರು. ಐವರೂ ತಪ್ಪದೆ ಬರೆದರು: ಆರು, ಏಳು, ಎಂಟು. ಶಾಲು ಬೇರೊಬ್ಬರ ಹೆಗಲೇರಿತು. ಬಳೆಗಾರ್ತಿ ಬರಿಗೈಯಲ್ಲಿ ಮನೆಗೆ ಹೋದಳು. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಮೀನಿನವಳು ಬಂದಳು. ಅವಳ ಹಿಂದೆ ಅರ್ಧ ಬೀದಿ.

"ನಿದ್ದೆಯಲ್ಲೂ ಬೈಯುವ ಅಮ್ಮ ಇರುವುದು ಇದೇ ಮನೆಯಲ್ಲವೇ? ಒಮ್ಮೆ ಕಂಡು ಹೋಗೋಣವೆಂದು ಬಂದೆವು."

ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದಳು. ಬಂದವರನ್ನು ನೋಡಿದಳು. ಕೊನೆಗೆ ಸೆರಗು ಸರಿಮಾಡಿಕೊಂಡು ಹೇಳಿದಳು: "ನಾನೇ. ಒಳಗೆ ಬನ್ನಿ. ಇವಳು ಏನೇನು ಬಿಟ್ಟಿದ್ದಾಳೋ ಅದನ್ನೂ ಹೇಳುತ್ತೇನೆ."

ಶಿಷ್ಯೆ ಜೋರಾಗಿ ನಕ್ಕಳು. ಆದರೂ ನಾಳೆಯ ಸ್ಪರ್ಧೆ ಅವಳ ತಲೆಯಿಂದ ಇಳಿದಿರಲಿಲ್ಲ.

"ಚೆನ್ನಾಗಿದೆ ಗುರುಗಳೇ. ಆದರೆ ಆ ವರ್ಷ ಶಾಲು ಗೆದ್ದವರು ಯಾರು? ಅವರು ಹೇಳಿದ್ದು ಯಾವ ಪದ್ಯ?"

ಗುರುಗಳು ಹೇಳಿದರು: "ಗೆದ್ದದ್ದು ನಾನು, ಯಾವ ಪದ್ಯ ಹೇಳಿದೆನೋ ನೆನಪಿಲ್ಲ."