ಹದಿನೈದು ಹೆಜ್ಜೆ

ಮೂರು ಸುಗ್ಗಿಯಿಂದ ಬಯಲಿನ ಗುದ್ದಾಟದ ಪಟ್ಟವೆಲ್ಲ ಭರಮ ಅನ್ನೋ ದೈತ್ಯ ಟಗರಿನದೇ. ಈ ಸಲ ಅವನೆದುರು ನಿಂತದ್ದು ಚೋಟುದ್ದದ ಹೋತ, ಸಣ್ಣೀರ. ಗೆದ್ದವರ ಮಂದೆಗೆ ಕೆರೆ ಏರಿಯ ಹುಲ್ಲು; ಸಣ್ಣೀರನ ಮರಿಗಳೋ ಹಸಿದಿದ್ದವು.

"ಸುತ್ತ ಎಳೆದ ಈ ಗೆರೆ ದಾಟಿ ಹೊರಗೆ ಹೋದವನು ಸೋತ," ಎಂದಿತು ತೀರ್ಪು ಹೇಳುವ ಕತ್ತೆ.

ಓಡಿ ಬಂದು ಗುದ್ದಲೆಂದು ಭರಮ ನಾಲ್ಕು ಹೆಜ್ಜೆ ಹಿಂದೆ ಸರಿದ. ಸಣ್ಣೀರ ಆ ಹೆಜ್ಜೆಗಳನ್ನು ಎಣಿಸಿ ನಕ್ಕ.

"ನಾಲ್ಕೇ ಹೆಜ್ಜೆಯೇನಣ್ಣ? ನಿಮ್ಮಪ್ಪ ಹತ್ತು ಹೆಜ್ಜೆ ಹಿಂದೆ ಹೋಗಿ ಬರ್ತಿದ್ದನಂತೆ."

"ಅಪ್ಪನಿಗಿಂತ ನಾನೇನು ಕಮ್ಮಿಯೇನೋ? ಹದಿನೈದು ಹೋಗ್ತೀನಿ, ನೋಡು," ಎಂದು ಭರಮ ಸರಿದ, ಸರಿದ, ಸರಿಯುತ್ತಲೇ ಹೋದ.

"ಸಾಕು ನಿಲ್ಲಪ್ಪ," ಎಂದಿತು ಕತ್ತೆ. "ಗೆರೆ ಈಗ ನಿನ್ನ ಮೂತಿಯ ಮುಂದಿದೆ."

"ನಾನಿನ್ನೂ ಗುದ್ದೇ ಇಲ್ಲವಲ್ಲ," ಎಂದ ಭರಮ.

ಅಷ್ಟರಲ್ಲಿ ಸಣ್ಣೀರನ ಮರಿಗಳು ಏರಿ ಹತ್ತಿ ಮೇಯುತ್ತಿದ್ದವು.